ಕಡಂಬುಟ್ಟಿನ ಲೆಕ್ಕ

ಕಟಿಂಗ್, ಅಂದ್ರೆ ಸ್ನಾಯು ಉಳಿಸಿಕೊಂಡು ಕೊಬ್ಬು ಇಳಿಸೋದು, ಶುರು ಮಾಡಿ ಇವತ್ತಿಗೆ ಐದು ವಾರ. ತೂಕ 78 ಕಿಲೋದಿಂದ 76ಕ್ಕೆ ಇಳಿದಿದೆ. ನಿಧಾನ ಅಲ್ವಾ? ನನಗೆ ಬೇಕಿದ್ದದ್ದೂ ಅದೇ. ಹೋದ ವರ್ಷ ಒಂದೇ ಸಲಕ್ಕೆ ಅರ್ಧ ಊಟ ಬಿಟ್ಟಿದ್ದೆ. ತೂಕ ಬೇಗ ಇಳಿಯಿತು, ಜೊತೆಗೆ ಬೆಂಚ್ ಪ್ರೆಸ್‌ನಲ್ಲಿ ಎತ್ತುವ ಭಾರವೂ ಇಳಿಯಿತು. ಈ ಸಲ ದಿನಕ್ಕೆ 400 ಕ್ಯಾಲೊರಿ ಮಾತ್ರ ಕಡಿಮೆ. ಪ್ರೋಟೀನ್ ತಂಟೆಗೆ ಹೋಗಿಲ್ಲ, ಒಂದು ಕಿಲೋ ಮೈತೂಕಕ್ಕೆ 1.8 ಗ್ರಾಂ ಲೆಕ್ಕ.

ಕಷ್ಟ ಆಗೋದು ಮಡಿಕೇರಿಯ ಈ ಮಳೆಯಲ್ಲಿ. ಸಂಜೆ ಜಿಮ್ ಮುಗಿಸಿ ಒದ್ದೆಯಾಗಿ ಮನೆಗೆ ಬಂದರೆ ಅಡುಗೆಮನೆ ತುಂಬಾ ಕೊಡಗಿನ ಕಪ್ಪು ಹುಳಿ ಕಾಚಂಪುಳಿ, ಕರಿಮೆಣಸಿನ ಘಮ. ಪಂದಿ ಕರಿಯ ಹಂದಿಮಾಂಸದ ತುಂಡಿನ ಅಂಚಿಗೆ ಬೆರಳು ದಪ್ಪದ ಬಿಳಿ ಕೊಬ್ಬು. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪ್ರೋಟೀನಿಗೆ 4. ಅದಕ್ಕೆ ಮಾಂಸ ಜಾಸ್ತಿ ಇರುವ ತುಂಡನ್ನೇ ಆರಿಸಿಕೊಳ್ಳುತ್ತೇನೆ. ಜೊತೆಗೆ ತಿನ್ನುವ ಕಡಂಬುಟ್ಟು, ಅಂದ್ರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ, ಐದರ ಬದಲು ಮೂರು.

"ಮಳೆಗಾಲದಲ್ಲಿ ಇಷ್ಟೇ ತಿಂದ್ರೆ ಮೈ ಬೆಚ್ಚಗಿರೋದು ಹೇಗೆ ಮಗಾ?" ಅಂತ ಅಮ್ಮ ನಿನ್ನೆ ಇನ್ನೊಂದು ಹಾಕಿದರು. ಬೇಡ ಅನ್ನಲಿಲ್ಲ. ಬಿಸಿ ಕಡಂಬುಟ್ಟನ್ನು ಬೆರಳಲ್ಲಿ ಒಡೆದಾಗ ಹಬೆ ಮುಖಕ್ಕೆ ಬಂತು. ಅಮ್ಮ ಎದುರಿಗೇ ಕೂತಿದ್ದರು. ಆ ಹೊತ್ತಲ್ಲಿ ತಕ್ಕಡಿ ನೆನಪಾಗಬಾರದು ಅನಿಸಿತು. ಬೆಳಿಗ್ಗೆ ಒಂದು ಅಕ್ಕಿ ರೊಟ್ಟಿ ಕಡಿಮೆ ಮಾಡಿದೆ, ಅಷ್ಟೇ.

ಹುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಬಲ್ಕಿಂಗ್, ಅಂದ್ರೆ ಸ್ನಾಯು ಬೆಳೆಸಲು ಜಾಸ್ತಿ ತಿನ್ನೋದು, ಶುರು, ದಿನಕ್ಕೆ 250 ಕ್ಯಾಲೊರಿ ಜಾಸ್ತಿ. ಅಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ.