ಬಯಾಪ್ಸಿಯ ಆ ಒಂದು ಸಾಲು

14 ನವೆಂಬರ್ 2024, ಗುರುವಾರ

ಸಂಜೆ ಶೇಖರಣ್ಣ ತಮ್ಮವರೊಬ್ಬರ ಶ್ವಾಸಕೋಶದ ಬಯಾಪ್ಸಿ ರಿಪೋರ್ಟನ್ನು ಫೋನಿನಲ್ಲೇ ಓದಿದರು. "ನಾನ್ ಸ್ಮಾಲ್ ಸೆಲ್ ಕಾರ್ಸಿನೋಮಾ" ಅಂತಷ್ಟೇ ಇದೆ. "ಸೋಮವಾರವೇ ಕೀಮೋ ಅಂತಿದ್ದಾರಮ್ಮ. ಅಲ್ಲ, ಸಿಗರೇಟಿನ ವಾಸನೆಗೇ ದೂರ ಹೋಗೋಳಿಗೆ ಇದೆಲ್ಲಿಂದ ಬಂತು?"

ಆ ಪ್ರಶ್ನೆಯೇ ಮುಖ್ಯ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಶೇಕಡಾ 85ರಷ್ಟು ನಾನ್ ಸ್ಮಾಲ್ ಸೆಲ್ ಗುಂಪಿನದ್ದು. ಅಷ್ಟು ತಿಳಿದರೆ ಚಿಕಿತ್ಸೆಗೆ ಸಾಲದು. ಆ ಗುಂಪಿನೊಳಗೇ ಬೇರೆ ಬೇರೆ ಬಗೆ: ಗ್ರಂಥಿಯಂಥ ಕೋಶಗಳ ಅಡಿನೋಕಾರ್ಸಿನೋಮಾ (ಚುಟುಕಾಗಿ ಅಡಿನೋ) ಇದೆ, ಚಪ್ಪಟೆ ಕೋಶಗಳ ಸ್ಕ್ವಾಮಸ್ ಇದೆ, ಅಪರೂಪಕ್ಕೆ ಲಾರ್ಜ್ ಸೆಲ್. ಧೂಮಪಾನ ಮಾಡದವರಿಗೆ ಬರುವುದು ಬಹುಪಾಲು ಅಡಿನೋ. ಅದು ಶ್ವಾಸಕೋಶದ ಅಂಚಿನಲ್ಲಿ ಬೆಳೆಯುವುದರಿಂದ ಕೆಮ್ಮು ತಡವಾಗಿ ಶುರುವಾಗುತ್ತದೆ. ಎಷ್ಟೋ ಸಲ ಶ್ವಾಸಕೋಶದ ಸುತ್ತ ನೀರು ತುಂಬಿ ಏದುಸಿರು ಬಂದಾಗಲೇ ಗೊತ್ತಾಗುವುದು. ಆ ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಕ್ಕರೆ ನಾಲ್ಕನೇ ಹಂತ. ಸ್ಕ್ವಾಮಸ್ ಸಾಮಾನ್ಯವಾಗಿ ನಡುವಿನ ದೊಡ್ಡ ಶ್ವಾಸನಾಳಗಳಲ್ಲಿ ಹುಟ್ಟುತ್ತದೆ, ತಂಬಾಕಿನ ನಂಟು ಗಟ್ಟಿ. ಕಫದಲ್ಲಿ ರಕ್ತ, ನಾಳ ಕಟ್ಟಿಕೊಂಡು ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ.

ಔಷಧಿಯೂ ಬೇರೆ. ಅಡಿನೋಗೆ ಒಗ್ಗುವ ಪೆಮೆಟ್ರೆಕ್ಸೆಡ್ ಎಂಬ ಕೀಮೋ ಔಷಧಿಯಿಂದ ಸ್ಕ್ವಾಮಸ್‌ಗೆ ಪ್ರಯೋಜನವಿಲ್ಲ. ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬನ್ನು ಸ್ಕ್ವಾಮಸ್‌ಗೆ ಕೊಟ್ಟರಂತೂ ಶ್ವಾಸಕೋಶದೊಳಗೇ ರಕ್ತಸ್ರಾವವಾಗಿ ಪ್ರಾಣಕ್ಕೆ ಕುತ್ತು ಬರಬಹುದು.

ಹಾಗಾಗಿ ಶೇಖರಣ್ಣನಿಗೆ ಮೊದಲು ಹೇಳಿದ್ದು: ಬ್ಲಾಕ್, ಅಂದರೆ ಬಯಾಪ್ಸಿ ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿ, ಎಲ್ಲಿದೆ, ಅದರಲ್ಲಿ ಎಷ್ಟು ಅಂಗಾಂಶ ಉಳಿದಿದೆ ಕೇಳಿ. ಸೂಜಿಯಲ್ಲಿ ಬರುವ ಅಂಗಾಂಶ ನೂಲಿನ ಎಳೆಯಷ್ಟು. ಟಿಟಿಎಫ್-1 ಮತ್ತು ಪಿ40, ಕೋಶದ ಬಗೆ ತೋರಿಸುವ ಈ ಎರಡು ಸ್ಟೇನ್ (ಬಣ್ಣದ ಪರೀಕ್ಷೆ) ಸಾಕು, ಹೆಚ್ಚಿನ ಕೇಸುಗಳಲ್ಲಿ ಅಡಿನೋ ಯಾವುದು ಸ್ಕ್ವಾಮಸ್ ಯಾವುದು ಎಂದು ಬೇರೆಯಾಗುತ್ತದೆ. ಹತ್ತು ಸ್ಟೇನ್ ಹಾಕಿ ಮುಗಿಸಿದರೆ ಜೀನ್ ಪರೀಕ್ಷೆಗೆ ಏನೂ ಮಿಗುವುದಿಲ್ಲ. ಬ್ಲಾಕನ್ನು ಪ್ರತಿ ಸಲ ತೆಳುವಾಗಿ ಕತ್ತರಿಸುವ ಮೈಕ್ರೋಟೋಮಿಗೆ ಏರಿಸಿದಾಗಲೂ ಮೇಲ್ಮೈ ಸಮ ಮಾಡುವಾಗ ಒಂದಿಷ್ಟು ಹಾಳಾಗುತ್ತದೆ. ಅದಕ್ಕೇ ಮುಂದೆ ಬೇಕಾಗುವ, ಇನ್ನೂ ಬಣ್ಣ ಹಾಕದ ಸ್ಲೈಡುಗಳನ್ನು ಒಂದೇ ಸಲಕ್ಕೆ ಕತ್ತರಿಸಿಡಬೇಕು. ಅಂಗಾಂಶ ಕೆಡದಂತೆ ಶೇಕಡಾ 10ರ ಬಫರ್ ಮಾಡಿದ ಫಾರ್ಮಲಿನ್ ದ್ರವದಲ್ಲಿ 6ರಿಂದ 72 ಗಂಟೆ ಇರಬೇಕು. ದಿನಗಟ್ಟಲೆ ಬಿಟ್ಟರೆ ಡಿಎನ್‌ಎ ತುಂಡಾಗುತ್ತದೆ. ಮೂಳೆಯಿಂದ ತೆಗೆದ ತುಣುಕನ್ನು ಬಲವಾದ ಆಸಿಡ್‌ನಲ್ಲಿ ಮೆತ್ತಗೆ ಮಾಡಿದರೂ ಅದೇ ಗತಿ.

ಎರಡನೆಯದು: ಅಡಿನೋ ಆದರೆ ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಎಂಬ ಜೀನ್‌ಗಳ ಪರೀಕ್ಷೆಗೆ ಕಳಿಸಿದ್ದಾರಾ? ಇಜಿಎಫ್‌ಆರ್ ಜೀನಿನ ಎಕ್ಸಾನ್ 19 ಎಂಬ ಭಾಗದಲ್ಲಿ ಡಿಲೀಷನ್ (ತುಣುಕು ಕಳೆದುಹೋಗಿರುವುದು) ಅಥವಾ ಎಕ್ಸಾನ್ 21ರಲ್ಲಿ ಎಲ್858ಆರ್ ಎಂಬ ಬದಲಾವಣೆ ಸಿಕ್ಕರೆ ಚಿಕಿತ್ಸೆ ಮಾತ್ರೆಯಿಂದಲೇ ಶುರುವಾಗಬಹುದು. ಫಲಿತಾಂಶಕ್ಕೆ ಎರಡು ವಾರ ಹಿಡಿದರೂ ರೋಗಿ ಗಟ್ಟಿಯಾಗಿದ್ದರೆ ಕಾಯುವುದೇ ಮೇಲು. ಉಸಿರಾಟ ಕಷ್ಟವಾಗಿ ಕಾಯಲಾಗದಿದ್ದರೆ ಕೀಮೋ ಸರಿ, ಆದರೆ ಇಮ್ಯುನೋಥೆರಪಿಯನ್ನು (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಚಿಕಿತ್ಸೆ) ಸದ್ಯಕ್ಕೆ ತಡೆಹಿಡಿಯಬೇಕು. ಅದರ ಬೆನ್ನಿಗೇ ಇಜಿಎಫ್‌ಆರ್‌ಗೆ ಕೊಡುವ ಒಸಿಮರ್ಟಿನಿಬ್ ಮಾತ್ರೆ ಕೊಡಬೇಕಾಗಿ ಬಂದರೆ ಶ್ವಾಸಕೋಶ ತೀವ್ರವಾಗಿ ಉರಿಯೂತಗೊಳ್ಳುವ ಅಪಾಯ ಹೆಚ್ಚು. ರಕ್ತದಲ್ಲಿ ಮಾಡುವ ಲಿಕ್ವಿಡ್ ಬಯಾಪ್ಸಿ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂತೆಂದು ಮ್ಯುಟೇಷನ್ (ಜೀನಿನ ಬದಲಾವಣೆ) ಇಲ್ಲವೆನ್ನುವಂತಿಲ್ಲ.

"ಅಷ್ಟು ದಿನದಲ್ಲಿ ಹರಡಿಬಿಟ್ರೆ?" ಅಂದರು. ಭಯ ಸಹಜವೇ.

ಶ್ವಾಸಕೋಶ ಕ್ಯಾನ್ಸರಿನ ಇನ್ನೊಂದು ಗುಂಪಾದ ಸ್ಮಾಲ್ ಸೆಲ್ ಆಗಿದ್ದರೆ ನಾನೇ ಅವಸರಪಡಿಸುತ್ತಿದ್ದೆ. ಅದು ಬಹಳ ಬೇಗ ಬೆಳೆಯುತ್ತದೆ, ಮಿದುಳಿಗೂ ಹೋಗುತ್ತದೆ. ಕೆಲವರಿಗೆ ರಕ್ತದಲ್ಲಿ ಸೋಡಿಯಂ ಇಳಿದು ಗೊಂದಲದ ಮಾತೇ ಮೊದಲ ಲಕ್ಷಣ. ಪ್ಲಾಟಿನಂ ಬಗೆಯ ಕೀಮೋ ಔಷಧಿ ಜೊತೆ ಎಟೊಪೊಸೈಡ್ ಎಂಬ ಇನ್ನೊಂದು ಕೀಮೋ ಕೊಟ್ಟರೆ ಗಡ್ಡೆ ಬೇಗ ಕರಗುತ್ತದೆ, ಬಹಳಷ್ಟು ಜನರಲ್ಲಿ ಮರಳಿಯೂ ಬರುತ್ತದೆ.

ಇನ್ನೊಂದನ್ನು ಇವತ್ತು ಹೇಳಲಿಲ್ಲ, ಹೇಳುವ ಹೊತ್ತೂ ಅಲ್ಲ. ಮಾತ್ರೆ ಕೆಲಸ ಮಾಡಿ ತಿಂಗಳುಗಟ್ಟಲೆ ತೆಪ್ಪಗಿದ್ದ ಇಜಿಎಫ್‌ಆರ್ ಅಡಿನೋ ಮತ್ತೆ ಬೆಳೆದಾಗ, ಕೆಲವರಲ್ಲಿ ಸ್ಮಾಲ್ ಸೆಲ್ ಆಗಿ ಬದಲಾಗಿರುತ್ತದೆ. ಅದು ಸ್ಕ್ಯಾನಿನಲ್ಲಿ ತಿಳಿಯುವುದಿಲ್ಲ, ಮತ್ತೆ ಸೂಜಿ ಹಾಕಲೇಬೇಕು. ಆದರೆ ಆ ಹೊತ್ತಿಗೆ ರೋಗಿ ತುಂಬಾ ದಣಿದಿರುತ್ತಾರೆ.