ಪದ್ಮಿನಿಯ ಬ್ರೇಕು: ಎಡಕ್ಕೆ ಎಳೆದರೆ ಬಲಗಡೆ ಬಿಚ್ಚಿ ನೋಡಿ

ಕೈಮರದಿಂದ ಚಿಕ್ಕಮಗಳೂರಿನ ಕಡೆ ಇಳಿಯುವಾಗ ಬ್ರೇಕ್ ಒತ್ತಿದರೆ ಸಾಕು, ನಮ್ಮ ಪ್ರೀಮಿಯರ್ ಪದ್ಮಿನಿ ಕಾರು ಎಡಕ್ಕೆ, ಚರಂಡಿ ಕಡೆಗೆ ಎಳೆಯುತ್ತಿತ್ತು. 1984ರ ಗಾಡಿ. ಅಪ್ಪ ಓಡಿಸಿದ್ದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಬಾಗಿದ ಶೂಗಳು ಒತ್ತಿಕೊಂಡು ಗಾಡಿ ನಿಲ್ಲಿಸುತ್ತವೆ. ಶೂ ಮೇಲೆ ಕೂರಿಸಿದ, ಉಜ್ಜಿ ಹಿಡಿಯುವ ಪಟ್ಟಿಯೇ ಲೈನರ್. ಗ್ಯಾರೇಜಿನಲ್ಲಿ ಎರಡು ಸಲ ಎಡಗಡೆ ಶೂ ಸಡಿಲ ಮಾಡಿ ಕಳಿಸಿದರು. ಎಳೆಯುವುದು ಕಮ್ಮಿ ಆಯಿತು ನಿಜ, ಆದರೆ ಬ್ರೇಕ್ ಹಿಡಿಯುವುದೂ ಅಷ್ಟೇ ಕಮ್ಮಿ ಆಯಿತು. ಗಿರಿ ರಸ್ತೆಯಲ್ಲಿ ಓಡಿಸುವ ಗಾಡಿಗೆ ಇದು ಆಗುವ ಮಾತಲ್ಲ. ಅದಕ್ಕೇ ಈ ಸಲ ನಾನೇ ಬಿಚ್ಚಿದೆ. ನಾಲ್ಕು ಭಾನುವಾರ ಹಿಡಿಯಿತು.

ಮೊದಲ ಭಾನುವಾರ

ಡ್ರಮ್ ಬರಲೇ ಇಲ್ಲ. ಶೂ ಉಜ್ಜಿ ಉಜ್ಜಿ ಡ್ರಮ್ಮಿನ ಒಳಗೆ ತಗ್ಗಾಗಿ, ಅಂಚಿನಲ್ಲಿ ಸವೆಯದ ಭಾಗ ದಿಬ್ಬದ ಹಾಗೆ ಉಳಿದಿರುತ್ತದೆ. ಎಳೆದರೆ ಶೂ ಆ ದಿಬ್ಬಕ್ಕೆ ಸಿಕ್ಕಿಕೊಳ್ಳುತ್ತದೆ. ಸುತ್ತಿಗೆಯಲ್ಲಿ ಬಡಿಯಲು ಹೋಗಬೇಡಿ, ಬೀಡು ಕಬ್ಬಿಣ, ಸೀಳಿಬಿಡುತ್ತದೆ. ಶೂಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರ್ ಪೂರ್ತಿ ಹಿಂದಕ್ಕೆ ತಿರುಗಿಸಿದ ಮೇಲೆ ಕೈಯಲ್ಲೇ ಬಂತು.

ಬಲಗಡೆ ಮುಂದಿನ ಡ್ರಮ್ ತೆಗೆದಾಗಲೇ ವಿಷಯ ಗೊತ್ತಾಯಿತು. ಆಯಿಲಿನ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರ್ ಸೋರಿ ಲೈನರ್ ಪೂರ್ತಿ ಬ್ರೇಕ್ ಆಯಿಲ್ ಕುಡಿದು ಕರ್ರಗೆ ಹೊಳೆಯುತ್ತಿತ್ತು. ಬಲಗಡೆ ಹಿಡಿಯುತ್ತಿರಲಿಲ್ಲ, ಅದಕ್ಕೇ ಗಾಡಿ ಎಡಕ್ಕೆ ತಿರುಗುತ್ತಿತ್ತು. ಪಾಪ, ಎಡಗಡೆಯದು ಸರಿಯಾಗೇ ಕೆಲಸ ಮಾಡುತ್ತಿತ್ತು, ಅದನ್ನೇ ಎರಡು ಸಲ ಸಡಿಲ ಮಾಡಿಸಿದ್ದೆವು.

ಒಂದು ಮಾತು, ಒಳಗಿನ ಧೂಳನ್ನು ಬಾಯಲ್ಲಾಗಲಿ ಕಂಪ್ರೆಸರ್ ಗಾಳಿಯಲ್ಲಾಗಲಿ ಊದಬೇಡಿ. ಹಳೇ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಶ್ವಾಸಕೋಶಕ್ಕೆ ಹೋದರೆ ಕಷ್ಟ. ಸೋಪಿನ ನೀರು ಚಿಮುಕಿಸಿ, ಹಸಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆದೆ.

ಎರಡನೇ ಭಾನುವಾರ

ಸಿಲಿಂಡರ್ ಬಿಚ್ಚಿದರೆ ಒಳಗೋಡೆಯಲ್ಲಿ ತುಕ್ಕಿನ ಸಣ್ಣ ಸಣ್ಣ ಗುಳಿ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತರೆ ಹೀಗೇ ಆಗೋದು, ಅಲ್ವಾ? ಆ ತೇವಕ್ಕೆ ಇನ್ನೊಂದು ಕೆಟ್ಟ ಗುಣ ಇದೆ. ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಆಯಿಲಿನಲ್ಲಿರುವ ನೀರು ಕುದಿದು ಆವಿಯಾಗುತ್ತದೆ, ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಹಾಗಾಗಿ ಮುಂದಿನ ಎರಡೂ ಕಡೆಗೆ ಹೊಸ ಸಿಲಿಂಡರ್ ಹಾಕಿದೆ, ಹಿಂದಕ್ಕೆ ರಬ್ಬರ್ ಕಿಟ್ ಮಾತ್ರ. ರಬ್ಬರನ್ನು ಬ್ರೇಕ್ ಆಯಿಲಿನಲ್ಲೇ ಅದ್ದಿ ಕೂರಿಸಬೇಕು. ಪೆಟ್ರೋಲು, ಗ್ರೀಸು ತಾಗಿದರೆ ಉಬ್ಬುತ್ತದೆ.

ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಸುಟ್ಟರೆ ಸರಿಹೋಗುತ್ತದೆ ಅಂತ ಬಹಳ ಜನ ಹೇಳಿದರು. ನಾನು ಒಪ್ಪುವುದಿಲ್ಲ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ. ಬದಲಾಯಿಸುವಾಗಲೂ ಒಂದೇ ಕಡೆ ಮಾಡಬಾರದು, ಎಡ ಬಲ ಎರಡೂ ಒಟ್ಟಿಗೇ ಆಗಬೇಕು.

ಶೂ ಎತ್ತಿಕೊಂಡು ಹಾಸನಕ್ಕೆ ಹೋದೆ, ಲಾರಿಗಳಿಗೆ ಲೈನರ್ ಹೊಡೆಯುವ ಯಜಮಾನರೊಬ್ಬರ ಹತ್ತಿರ. ಹಳೇ ರಿವೆಟ್ ಕಿತ್ತು, ಹೊಸ ಲೈನರ್ ಇಟ್ಟು, ನಡುವಿನ ತೂತಿಗೆ ಮೊದಲ ರಿವೆಟ್ ಹಾಕಿದರು. ಯಾಕೆ ಅಂತ ಕೇಳಿದೆ. "ಮಧ್ಯದಿಂದ ಆಚೆ ಹೋಗ್ಬೇಕು ಕಣಪ್ಪ, ಎರಡು ತುದಿ ಮೊದಲು ಹೊಡೆದ್ರೆ ನಡುವೆ ಹೊಟ್ಟೆ ಉಬ್ಬುತ್ತೆ" ಅಂದರು. ಮುಗಿದ ಮೇಲೆ ಲೈನರಿಗೂ ಶೂಗೂ ಮಧ್ಯೆ ಒಂದು ಕಾಗದದ ಚೂರು ತೂರಿಸಲು ನೋಡಿ, ಎಲ್ಲೂ ಹೋಗಲಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಕೈಗೆ ಕೊಟ್ಟರು.

ಮೂರನೇ ಭಾನುವಾರ

ಡ್ರಮ್‌ಗಳನ್ನು ಒಳಗೋಡೆ ಸಮ ಮಾಡಿಸಲು ವಾರದ ನಡುವೆ ಲೇತಿಗೆ ಕೊಟ್ಟಿದ್ದೆ. ಬಲಗಡೆಯದು ಒಂದು ಅಡ್ಡಳತೆಗೂ ಇನ್ನೊಂದಕ್ಕೂ 0.3 ಮಿ.ಮೀ. ವ್ಯತ್ಯಾಸ, ಅಂದರೆ ಪೂರ್ತಿ ದುಂಡಗಿರಲಿಲ್ಲ. ಗೀರು ಹೋಗುವಷ್ಟೇ ಹೊಡೆಸಿ, ಎರಡೂ ಕಡೆ ಒಂದೇ ಅಳತೆಗೆ ತಂದೆವು. ಜಾಸ್ತಿ ಹೊಡೆದರೆ ಗೋಡೆ ತೆಳುವಾಗಿ ಡ್ರಮ್ ಬೇಗ ಕಾಯುತ್ತದೆ.

ನನಗೆ ಗೊತ್ತಿರದೇ ಇದ್ದದ್ದು ಇದರ ಮುಂದಿನ ಕೆಲಸ. ಹೊಡೆದ ಡ್ರಮ್ಮಿನ ಸುತ್ತು ದೊಡ್ಡದಾಗಿರುತ್ತದೆ, ಹೊಸ ಲೈನರಿನ ಬಾಗು ಹಳೇ ಅಳತೆಯದು, ಹಾಗಾಗಿ ಶೂ ನಡುವೆ ಮಾತ್ರ ತಾಗುತ್ತದೆ, ತುದಿಗಳು ಗಾಳಿಯಲ್ಲೇ ಇರುತ್ತವೆ, ಒತ್ತಿದಾಗ ಪೆಡಲ್ ಸ್ಪಂಜಿನ ಹಾಗೆ ಅನ್ನಿಸುತ್ತದೆ. ನೋಡಲು ಸುಲಭ ಉಪಾಯ ಇದೆ. ಮಗಳ ಸೀಮೆಸುಣ್ಣ ತಂದು ಡ್ರಮ್ಮಿನ ಒಳಗೆಲ್ಲ ಉಜ್ಜಿದೆ. ಡ್ರಮ್ ಹಾಕಿ, ಶೂ ಮೆಲ್ಲಗೆ ತಾಗುವಷ್ಟು ಅಡ್ಜಸ್ಟರ್ ಬಿಗಿ ಮಾಡಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಮತ್ತೆ ಸಡಿಲ ಮಾಡಿ ತೆಗೆದೆ. ಲೈನರಿನ ನಡುವೆ ಎರಡು ಬೆರಳಗಲ ಬಿಳಿ ಮಚ್ಚೆ, ಮಿಕ್ಕಿದ್ದೆಲ್ಲ ಕಪ್ಪು.

ಆಮೇಲೆ ಡ್ರಮ್ಮಿನ ಒಳಗೇ 80 ನಂಬರಿನ ಉಪ್ಪುಕಾಗದ ಅಂಟಿಸಿ, ಮಾಸ್ಕ್ ಹಾಕಿಕೊಂಡು, ಶೂವನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜಿದೆ. ಡ್ರಮ್ಮಿನ ಬಾಗೇ ಶೂಗೆ ಬರುತ್ತದೆ. ಹತ್ತು ಸಲ ಉಜ್ಜು, ಕಾಗದ ಕಿತ್ತು ಸೀಮೆಸುಣ್ಣ ಹಚ್ಚು, ನೋಡು, ಮತ್ತೆ ಉಜ್ಜು. ಒಂದೊಂದು ಶೂಗೂ ಮುಕ್ಕಾಲು ಗಂಟೆ. ಬಿಳುಪು ನಿಧಾನವಾಗಿ ತುದಿಗಳ ಕಡೆ ಹರಡುವುದನ್ನು ನೋಡುವುದೇ ಖುಷಿ. ಈ ರಿಪೇರಿಯಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ನಾಲ್ಕನೇ ಭಾನುವಾರ

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ, ಅಂದರೆ ಏರ್ ತೆಗೆಯುವ ಕೆಲಸ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ, ಅಂದರೆ ಹಿಂದಿನ ಎಡಗಡೆಯದರಿಂದ ಶುರು. ಮಗಳು ಪೆಡಲ್ ಮೇಲೆ, ನಾನು ಚಕ್ರದ ಪಕ್ಕ. ಗಾಳಿ ಬಿಡುವ ನಿಪ್ಪಲ್‌ಗೆ ಸಿಕ್ಕಿಸಿದ ಪೈಪಿನ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಬೇಕು. "ಒತ್ತು... ಹಿಡ್ಕೋ... ಬಿಡು." "ಅಪ್ಪಾ, ಈಗ ಗಟ್ಟಿ ಆಯ್ತು" ಅಂತ ಅವಳೇ ಹೇಳಿದಾಗ ಗುಳ್ಳೆ ನಿಂತಿತ್ತು.

ಮೊದಲು ಕಡೂರು ರಸ್ತೆಯ ಸಮತಟ್ಟಿನಲ್ಲಿ ಮೆಲ್ಲಗೆ ಹತ್ತಿಪ್ಪತ್ತು ಸಲ ಬ್ರೇಕ್ ಹಿಡಿದು ಲೈನರ್ ಕೂರಿಸಿದೆ. ಆಮೇಲೆ ಕೈಮರಕ್ಕೆ ಹತ್ತಿ, ಎರಡನೇ ಗೇರಿನಲ್ಲಿ ಇಳಿದೆ. ಸ್ಟೀರಿಂಗ್ ಹಗುರವಾಗಿ ಹಿಡಿದು ಬ್ರೇಕ್ ಒತ್ತಿದೆ, ನೇರವಾಗಿ ನಿಂತಿತು. ಕೆಳಗೆ ಬಂದು ಅಂಗೈಯ ಹಿಂಭಾಗವನ್ನು ಒಂದೊಂದು ಚಕ್ರದ ಹತ್ತಿರ ಹಿಡಿದು ನೋಡಿದೆ. ಮುಂದಿನ ಎರಡರದ್ದೂ ಒಂದೇ ಬಿಸಿ. ಹಿಂದಿನ ಎಡಗಡೆ ಮಾತ್ರ ಸ್ವಲ್ಪ ಜಾಸ್ತಿ ಇತ್ತು. ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಬಿಡುತ್ತಿಲ್ಲ ಅನ್ನಿಸುತ್ತಿದೆ. ಮುಂದಿನ ಭಾನುವಾರ ಅದನ್ನು ಬಿಚ್ಚುತ್ತೇನೆ.