ಒಂದೂವರೆ ಡಾಲರ್‌ನ ಶಾಲೆ

ಬಿ.ಎ.ನಲ್ಲಿ ಅಮೆರಿಕದ ಇತಿಹಾಸ ಹೇಳಿಕೊಡುತ್ತಿದ್ದ ನಮ್ಮ ಮೇಡಂ ಸಿಲಬಸ್ಸಿನಲ್ಲಿ ಇಲ್ಲದ ಒಬ್ಬರ ಬಗ್ಗೆ ಇಡೀ ಪೀರಿಯಡ್ ಮಾತಾಡಿದ್ದರು. ಮೇರಿ ಮೆಕ್ಲಿಯಡ್ ಬೆಥೂನ್, ಕರಿಯ ಮಕ್ಕಳಿಗೆ ಶಾಲೆ ಕಟ್ಟಿದ ಅಮೆರಿಕದ ಕರಿಯ ಶಿಕ್ಷಕಿ. ಪರೀಕ್ಷೆಗೆ ಬರಲ್ಲ ಅಂತ ನಿರಾಳವಾಗಿ ಕೇಳಿದ್ದಕ್ಕೋ ಏನೋ, ಆ ಪಾಠ ಇನ್ನೂ ತಲೆಯಲ್ಲಿದೆ.

ಬೆಥೂನ್ ಹುಟ್ಟಿದ್ದು 1875ರಲ್ಲಿ, ಸೌತ್ ಕ್ಯಾರೊಲಿನಾದ ಮೇಯ್ಸ್‌ವಿಲ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದವರು. 17 ಮಕ್ಕಳಲ್ಲಿ ಇವರು 15ನೆಯವರು. ಹತ್ತಿ ಹೊಲದಲ್ಲಿ ದುಡಿಯುತ್ತಲೇ, ಮೈಲಿಗಟ್ಟಲೆ ನಡೆದು ಮಿಷನ್ ಶಾಲೆಗೆ ಹೋದರು, ಸಂಜೆ ಬಂದು ಕಲಿತದ್ದನ್ನು ಮನೆಯವರಿಗೂ ಹೇಳಿಕೊಟ್ಟರು.

1904ರಲ್ಲಿ ಫ್ಲಾರಿಡಾದ ಡೇಟೋನಾದಲ್ಲಿ ಶಾಲೆ ಶುರು ಮಾಡಿದಾಗ ಕೈಯಲ್ಲಿದ್ದದ್ದು ಒಂದೂವರೆ ಡಾಲರ್. ಕಲಿಯಲು ಇದ್ದವರು ಐದು ಹುಡುಗಿಯರು, ಜೊತೆಗೆ ಇವರ ಮಗ. ಮರದ ಪೆಟ್ಟಿಗೆಗಳೇ ಡೆಸ್ಕು, ಸುಟ್ಟ ಕಟ್ಟಿಗೆಯೇ ಪೆನ್ಸಿಲ್, ಎಲ್ಡರ್‌ಬೆರಿ ಹಣ್ಣಿನ ರಸವೇ ಶಾಯಿ. ಸಿಹಿಗೆಣಸಿನ ಪೈ ಅನ್ನೋ ತಿಂಡಿ ಮಾಡಿ ಮಾರಿ ದುಡ್ಡು ಕೂಡಿಸಿ, ಊರಿನ ಕಸ ಸುರಿಯುತ್ತಿದ್ದ ಜಾಗವನ್ನು ಕೊಂಡು ಅಲ್ಲೇ ಕಟ್ಟಡ ಎಬ್ಬಿಸಿದರು.

ಎಲ್ಲರೂ ಈ ಪೈ ಕತೆಗೇ ನಿಂತುಬಿಡುತ್ತಾರೆ, ಪಾಪ ಬಡ ಟೀಚರಮ್ಮ ಅನ್ನೋ ಹಾಗೆ. ನಮ್ಮ ಮೇಡಂಗೆ ಅದು ಸುತರಾಂ ಹಿಡಿಸುತ್ತಿರಲಿಲ್ಲ. ಬೆಥೂನ್ ಭಾರಿ ಗಟ್ಟಿಗಿತ್ತಿ. ಚಳಿಗಾಲ ಕಳೆಯಲು ಡೇಟೋನಾಕ್ಕೆ ಬರುತ್ತಿದ್ದ ಸಾಹುಕಾರರ ಮನೆ ಬಾಗಿಲು ತಟ್ಟಿ, ಸೋಪು ಕಂಪನಿಯ ಜೇಮ್ಸ್ ಗ್ಯಾಂಬಲ್ ಅವರನ್ನೇ ಶಾಲೆಯ ಟ್ರಸ್ಟಿ ಮಾಡಿಕೊಂಡರು. ಅಪೆಂಡಿಕ್ಸ್ ನೋವಿನಿಂದ ಒದ್ದಾಡುತ್ತಿದ್ದ ವಿದ್ಯಾರ್ಥಿನಿಯನ್ನು ಬಿಳಿಯರ ಆಸ್ಪತ್ರೆಯವರು ಹಿಂದಿನ ಜಗಲಿಯಲ್ಲಿ ಮಲಗಿಸಿದ್ದು ಕಂಡು, 1911ರಲ್ಲಿ ತಾವೇ ಒಂದು ಆಸ್ಪತ್ರೆ ತೆರೆದರು. 1920ರ ಚುನಾವಣೆ ಹೊತ್ತಿಗೆ ಕರಿಯರನ್ನು ದ್ವೇಷಿಸುವ ಬಿಳಿಯರ ಕು ಕ್ಲಕ್ಸ್ ಕ್ಲಾನ್ ಗುಂಪು ಮುಸುಕು ಹಾಕಿಕೊಂಡು ಶಾಲೆಗೇ ಬಂದು ಹೆದರಿಸಿತು. ಇವರು ಜಗ್ಗಲಿಲ್ಲ. ತಮ್ಮವರನ್ನು ಕರೆದುಕೊಂಡು ಹೋಗಿ ಮತ ಹಾಕಿಯೇ ಬಂದರು.

1923ರಲ್ಲಿ ಹುಡುಗರ ಕುಕ್‌ಮನ್ ಸಂಸ್ಥೆ ಇವರ ಶಾಲೆಯ ಜೊತೆ ಸೇರಿತು. ಇವತ್ತಿನ ಬೆಥೂನ್-ಕುಕ್‌ಮನ್ ವಿಶ್ವವಿದ್ಯಾಲಯ ಅದೇ. ಮುಂದೆ ಬೆಥೂನ್ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರದಲ್ಲಿ ಕರಿಯ ಯುವಜನರ ಓದು, ಕೆಲಸದ ಯೋಜನೆಗಳನ್ನು ನೋಡಿಕೊಂಡರು. 1955ರಲ್ಲಿ ತೀರಿಕೊಂಡರು. 2022ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಫ್ಲಾರಿಡಾ ರಾಜ್ಯದ ಪರವಾಗಿ ಇವರ ಅಮೃತಶಿಲೆ ಪ್ರತಿಮೆ ನಿಂತಿತು. ಅದಕ್ಕೆ ಮೊದಲು ಇವರ ಬದಲು ರಾಜ್ಯದ ಹೆಸರಲ್ಲಿ ಅಲ್ಲಿದ್ದ ಪ್ರತಿಮೆ ಯಾರದು ಗೊತ್ತಾ? ಗುಲಾಮಗಿರಿ ಉಳಿಸಿಕೊಳ್ಳಲು ಹೊಡೆದಾಡಿದ ದಕ್ಷಿಣದವರ ಸೇನೆಯ ಜನರಲ್ ಒಬ್ಬನದು! ಆ ಸುದ್ದಿ ಓದಿ ಮೇಡಂಗೆ ಫೋನ್ ಮಾಡಿದೆ. ‘ತಡ ಆಯ್ತು ಕಣೋ’ ಅಂದರು, ಅಷ್ಟೇ.

ನಮ್ಮ ಕಾಲೇಜಿನಿಂದ ಎಂಎಸ್‌ಗೆ ಅಂತ ಆ ಕಡೆ ಹೋಗುವವರು ಜಾಸ್ತಿ ಆಗಿದ್ದಾರೆ ಅಲ್ವಾ, ಆರ್ಲ್ಯಾಂಡೊದಲ್ಲಿ ಡಿಸ್ನಿ ನೋಡಿ ಮುಗಿದ ಮೇಲೆ ಡೇಟೋನಾಕ್ಕೂ ಹೋಗಿಬನ್ನಿ. ಕಾರಿನಲ್ಲಿ ಸುಮಾರು ಒಂದು ಗಂಟೆ ದಾರಿ. ಬೆಥೂನ್ ಅವರ ಮನೆ ಕ್ಯಾಂಪಸ್ಸಿನಲ್ಲೇ ಇದೆ.